ಡಬ್ಬಿ ಮೇಲೆ ಯಾರ ಹೆಸರು?

ಪ್ರತಿ ಸಂಚಿಕೆಗೂ ಮೊದಲು ನಮ್ಮ ಕ್ಲಬ್ಬಿನ ವಾಟ್ಸಾಪ್ ಗ್ರೂಪಿನಲ್ಲಿ ಒಂದೇ ಗೋಳು: "ಕಥೆ ಬರೀಬೇಕು ಗುರು, ಆದ್ರೆ ಐಡಿಯಾನೇ ಬರ್ತಿಲ್ಲ." ಕೊನೆಗೆ ಬರುವ ಕಥೆಗಳಲ್ಲಿ ಅರ್ಧ ಹಾಸ್ಟೆಲ್ಲು, ಮಳೆ, ಬಸ್‌ಸ್ಟಾಪು, ಅವಳು. ಇನ್ನರ್ಧ ರೋಬೋಟು. ನಾವೂ ಅದನ್ನೇ ಬರೆದವರು, ಆಡಿಕೊಳ್ಳುವ ಹಕ್ಕು ನಮಗಿಲ್ಲ. ಆದರೂ ಹೇಳಲೇಬೇಕು: ಐಡಿಯಾ ಇಲ್ಲ ಅನ್ನೋದು ಸುಳ್ಳು. ಅದು ನಮ್ಮ ಅಡುಗೆಮನೆಯಲ್ಲೇ ಕೂತಿರುತ್ತೆ, ನಾವು ಕೇಳಿರೋದಿಲ್ಲ ಅಷ್ಟೆ.

ನಮ್ಮನೆ ರವೆ ಡಬ್ಬಿಯನ್ನೇ ತಗೊಳ್ಳಿ. ಸ್ಟೀಲಿನದು, ಮುಚ್ಚಳ ಸ್ವಲ್ಪ ಸೊಟ್ಟ. ಪಾತ್ರೆ ಅಂಗಡಿಯವರು ಚುಕ್ಕಿ ಚುಕ್ಕಿಯಾಗಿ ಹೆಸರು ಕೊರೆದು ಕೊಡ್ತಾರಲ್ಲ, ಹಾಗೆ ಅದರ ಮೇಲೊಂದು ಹೆಸರು, ಕೆಳಗೆ 1987. ಹುಟ್ಟಿದಾಗಿನಿಂದ ನೋಡಿದ್ದೇವೆ. ಅದು ನಮ್ಮ ಮನೆಯವರ ಹೆಸರೇ ಅಲ್ಲ ಅಂತ ಹೊಳೆದದ್ದು ಮಾತ್ರ ಕಳೆದ ಆಯುಧಪೂಜೆ ರಜೆಯಲ್ಲಿ, ಪಾತ್ರೆಯೆಲ್ಲ ಇಳಿಸಿ ತೊಳೆಯುವಾಗ.

"ಅಜ್ಜಿ, ಇದು ಯಾರ್ದು?" ಅಂದ್ವಿ.

ಅಜ್ಜಿ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಹೇಳಿದರು. ಆಗ ವಠಾರದಲ್ಲಿದ್ದರಂತೆ. ಪಕ್ಕದ ಮನೆಯಾಕೆ ಹಬ್ಬಕ್ಕೆ ಚಕ್ಕುಲಿ ತುಂಬಿ ಕೊಟ್ಟ ಡಬ್ಬಿ ಅದು. ಖಾಲಿ ಡಬ್ಬಿ ವಾಪಸ್ ಕೊಡಬಾರದು, ಒಂದು ಹಿಡಿ ಸಕ್ಕರೆಯಾದ್ರೂ ಹಾಕಿ ಕೊಡಬೇಕು. ಆಗ ತಾತನ ಫ್ಯಾಕ್ಟರಿಯಲ್ಲಿ ಸ್ಟ್ರೈಕು, ಮೂರು ತಿಂಗಳಿಂದ ಸಂಬಳವಿಲ್ಲ. ದುಡ್ಡು ಬಂದ ಮೇಲೆ ಕೊಡೋಣ ಅಂತ ಇಟ್ಟರು. ಅಷ್ಟರಲ್ಲಿ ಅವರಿಗೆ ಟ್ರಾನ್ಸ್‌ಫರ್ ಆಯ್ತು. ಹೊರಡುವ ದಿನ ಆಕೆ ಹೇಳಿ ಹೋಗೋಕೆ ಬಾಗಿಲಿಗೆ ಬಂದರು, ಡಬ್ಬಿ ಕೇಳಲಿಲ್ಲ. ಅಜ್ಜಿಯೂ ಎತ್ತಲಿಲ್ಲ. "ಮರೆತಿದ್ದಳೋ, ಗೊತ್ತಿದ್ದೇ ಸುಮ್ಮನಿದ್ದಳೋ" ಅಂತ ಅಜ್ಜಿಗೆ ಇವತ್ತಿಗೂ ಅನುಮಾನ. ಅಪ್ಪನಿಗೂ ಈ ವಿಷಯ ಗೊತ್ತಾಗಿದ್ದು ಅವತ್ತೇ.

ಇಂಗ್ಲಿಷ್ ಮೀಡಿಯಂನಲ್ಲಿ ಓದಿದವರು ನಾವು, ಇದನ್ನು ಬರೆಯೋಕೆ ಮೊದಲು ಕೂತಿದ್ದೂ ಇಂಗ್ಲಿಷಿನಲ್ಲೇ. ಖಾಲಿ ಡಬ್ಬಿ ಯಾಕೆ ಕೊಡಬಾರದು ಅಂತ ವಿವರಿಸೋಕೇ ಒಂದು ಪ್ಯಾರಾ ಹೋಯ್ತು. ಕನ್ನಡದಲ್ಲಿ ಅದು ಬೇಕಾಗಲಿಲ್ಲ. ಓದುತ್ತಾ ಬಂದ ನೀವೂ ಕೇಳಲಿಲ್ಲ ನೋಡಿ.

ಮನೆ ಸಾಮಾನು ಅಂದ್ರೆ ಅಜ್ಜಿಮನೆ ನೆನಪಿನ ಪ್ರಬಂಧ ತಾನೇ ಅಂತ ಕೆಲವರು ಮೂಗು ಮುರೀತಾರೆ. ಒರಳುಕಲ್ಲಿನ ಚಟ್ನಿ, ಆ ಕಾಲವೇ ಚೆನ್ನ ಅನ್ನೋದು ಕಥೆಯಲ್ಲ, ಒಪ್ತೀವಿ. ವಸ್ತುವನ್ನು ಹೊಗಳಿದರೆ ಕಥೆ ಹುಟ್ಟಲ್ಲ, ಅದರ ಸುತ್ತ ಏನು ಎಡವಟ್ಟಾಯ್ತು ಅಂತ ಕೇಳಿದರೆ ಹುಟ್ಟುತ್ತೆ. ವಸ್ತು ಹಳೇದೇ ಆಗಬೇಕಂತಿಲ್ಲ. ಕುಕ್ಕರಿನೊಳಗೆ ನೀರು ಸುಮಾರು 120 ಡಿಗ್ರಿಯಲ್ಲಿ ಕುದಿಯುತ್ತೆ ಅಂತ ಪರೀಕ್ಷೆಯಲ್ಲಿ ಬರೆದಿದ್ದೇವೆ. ಅಮ್ಮ ಆಸ್ಪತ್ರೆಯಲ್ಲಿದ್ದ ವಾರ, ಅನ್ನಕ್ಕೆ ಎಷ್ಟು ಕೂಗು ಅಂತ ಅಪ್ಪ ಅವರಿಗೇ ಫೋನ್ ಮಾಡಿ ಕೇಳಿದ್ದನ್ನು ಇನ್ನೂ ಬರೆದಿಲ್ಲ.

ಎಂಜಿನಿಯರಿಂಗ್ ಓದಿದ ವಿವೇಕ ಶಾನಭಾಗರ 'ಘಾಚರ್ ಘೋಚರ್' (2013) ಓದಿ. ಮನೆಗೆ ನುಗ್ಗುವ ಇರುವೆ, ಬಿಡಿಸಲಾಗದ ಒಂದು ಗಂಟು. ದುಡ್ಡು ಬಂದ ಮೇಲೆ ಒಂದು ಕುಟುಂಬ ಏನಾಗುತ್ತೆ ಅನ್ನೋದಕ್ಕೆ ಅವರು ದೂರ ಎಲ್ಲೂ ಹುಡುಕಿಕೊಂಡು ಹೋಗಿಲ್ಲ.

ಚಾಟ್‌ಜಿಪಿಟಿ ಕೇಳಿದರೆ ನಿಮಿಷದಲ್ಲಿ ಹತ್ತು ಐಡಿಯಾ ಕೊಡುತ್ತೆ. ನಮ್ಮ ಡಬ್ಬಿ ಮೇಲಿನ ಹೆಸರು ಯಾರದು ಅಂತ ಅದಕ್ಕೆ ಗೊತ್ತಿಲ್ಲ. ಗೊತ್ತಿದ್ದಿದ್ದು ಅಜ್ಜಿಗೊಬ್ಬರಿಗೆ, ಅವರಿಗೀಗ 81. ಇನ್ನೆರಡು ವರ್ಷ ಬಿಟ್ಟು ಕೇಳಿದ್ದರೆ ಏನಾಗ್ತಿತ್ತೋ.

ಈ ಸಲ ಊರಿಗೆ ಹೋದಾಗ ಒಂದೇ ಒಂದು ಸಾಮಾನು ಕೈಗೆತ್ತಿಕೊಳ್ಳಿ. ಯಾರು ತಂದಿದ್ದು, ಯಾರು ಮುಟ್ಟುವಂತಿರಲಿಲ್ಲ, ಯಾವಾಗ ಸೊಟ್ಟ ಆಯ್ತು, ಯಾಕಿನ್ನೂ ಬಿಸಾಕಿಲ್ಲ ಅಂತ ಕೇಳಿ. ಹೇಳ್ತಾ ಹೇಳ್ತಾ ಅವರು ಎಲ್ಲಿ ಸುಮ್ಮನಾಗ್ತಾರೋ ಅಲ್ಲಿಂದ ಬರೆಯೋಕೆ ಶುರು ಮಾಡಿ. ಕಾಗುಣಿತ ತಪ್ಪಿದ್ರೆ ತಲೆ ಕೆಡಿಸ್ಕೋಬೇಡಿ, ಕಳಿಸಿ. ನಮ್ಮದನ್ನೂ ಯಾರೋ ತಿದ್ದಿಕೊಟ್ಟಿದ್ದಾರೆ.