ಒಂದೇ ಊರು, ಎರಡು ಲೆಕ್ಕ

ಬೆಳಗಾವಿ ಜಿಲ್ಲೆಯ ಮಳೆಯ ಅಂಕಿಗಳನ್ನು ಊರುವಾರಾಗಿ ಕೂಡಿಸಲು ಹೊರಟ ವಿದ್ಯಾರ್ಥಿಗೆ ಗಣಕಯಂತ್ರವು ‘ಮುರಗೋಡ’ವನ್ನು ಎರಡು ಊರುಗಳೆಂದು ತೋರಿಸೀತು. ಮೊಬೈಲ್ ಆ್ಯಪಿನಲ್ಲಿ ಹುಡುಕಿದರೆ ಅರ್ಧ ದಾಖಲೆಗಳಷ್ಟೇ ದೊರೆತಾವು. ಕಣ್ಣಿಗಾದರೋ ಎರಡೂ ಹೆಸರುಗಳು ಒಂದೇ. ದೋಷವಿರುವುದೆಲ್ಲಿ?

ನಾವು ಓದುವುದು ಅಕ್ಷರಗಳನ್ನು. ಯಂತ್ರವು ಓದುವುದು ಸಂಕೇತಾಂಕಗಳನ್ನು. 1991ರಲ್ಲಿ ಹೊರಬಂದ ಯುನಿಕೋಡ್ ಕ್ರಮದಲ್ಲಿ ನಾಲ್ಕಕ್ಷರದ ಈ ಹೆಸರಿಗೆ, ಕಾಗುಣಿತದ ಚಿಹ್ನೆಗಳೂ ಸೇರಿ, ಆರು ಅಂಕಗಳು ಸಾಕು. ಆದರೆ ‘ಗೋ’ ಎಂಬಲ್ಲಿನ ಸ್ವರಚಿಹ್ನೆಯನ್ನು ಒಂದೇ ಅಂಕದಿಂದ ಬರೆಯುವಂತೆಯೇ ಎತ್ವ, ಕೊಂಬಿನಿಳಿ, ದೀರ್ಘ ಎಂಬ ಮೂರು ಅಂಕಗಳಿಂದಲೂ ಬರೆಯಬಹುದು. ಆಗ ಒಟ್ಟು ಎಂಟಾಗುತ್ತವೆ. ಆರು ಎಂಟಕ್ಕೆ ಸಮವಲ್ಲವೆಂದು ಯಂತ್ರವು ಹೇಳಿದರೆ ಅದರ ತಪ್ಪೇನು?

ಹೋಲಿಸುವ ಮುನ್ನ ಹೆಸರುಗಳನ್ನೆಲ್ಲ ಒಂದೇ ರೂಪಕ್ಕೆ ತರುವ ಸಾಧನವು ಪೈಥಾನ್, ಜಾವಾ ಭಾಷೆಗಳಲ್ಲಿ ಸಿದ್ಧವಾಗಿಯೇ ಇದೆ. ಆದರೂ ಕೆಲವರು ತೊಡಕೇ ಬೇಡವೆಂದು ಹೆಸರುಗಳನ್ನು ಇಂಗ್ಲಿಷ್ ಲಿಪಿಗೆ ತಿರುಗಿಸಿಬಿಡುತ್ತಾರೆ. ಇದು ನಮಗೆ ಒಪ್ಪಿಗೆಯಿಲ್ಲ. ಅಲ್ಲಿ ‘ಮುರ್ಗೋಡ್’, ‘ಮುರಗೋಡ್’ ಎಂಬ ಹೊಸ ಒಡಕು. 2014ರ ನವೆಂಬರ್ 1ಕ್ಕೆ ಮುಂಚಿನ ದಾಖಲೆಗಳಲ್ಲಂತೂ ಜಿಲ್ಲೆಯೇ ‘ಬೆಲ್ಗಾಂ’! ಊರಿನ ಮಳೆ ಅರ್ಧವಾಗಿ ಕಂಡಲ್ಲಿ ಬೆಳೆವಿಮೆಯ ಲೆಕ್ಕವೂ ಕೆಟ್ಟೀತು.

ಪ್ರೋಗ್ರಾಮನ್ನು ತಿದ್ದಲು ಕುಳಿತವರು ಮೊದಲು ಹೆಸರಿನ ಉದ್ದವನ್ನು ಯಂತ್ರದಿಂದಲೇ ಎಣಿಸಿ ನೋಡಲಿ: ಆರು ಬಂದಿತೋ, ಎಂಟು ಬಂದಿತೋ.