ತಲೆಯ ಮೇಲಿನ ತೂಕ, ಆಫೀಸಿನ ಬೀರುವಿನ ಕಾಗದ

ಬೆಳಗಿನ ರೈಲಿನಲ್ಲಿ ತುಮಕೂರಿನಿಂದ ಹೊರಟು, ಯಶವಂತಪುರದಲ್ಲಿ ಇಳಿದು, ಪೀಣ್ಯದ ಶೆಡ್ಡುಗಳಿಗೂ ಯಲಹಂಕದ ಕಾರ್ಖಾನೆಗಳಿಗೂ ಹೋಗುವ ನಮ್ಮ ಕಾರ್ಮಿಕ ಬಂಧುಗಳು ಅನೇಕರು. ಅವರಲ್ಲಿ ಬಹುಮಂದಿಯ ತಲೆಯ ಮೇಲೆ ದಿನವಿಡೀ ಓಡಾಡುವ ಯಂತ್ರವೆಂದರೆ ಕ್ರೇನು. ಕಟ್ಟಡದ ಎರಡು ಪಕ್ಕದ ಎತ್ತರದ ಹಳಿಗಳ ಮೇಲೆ ಅಡ್ಡತೊಲೆಯಾಗಿ ಓಡುವುದು ಓವರ್‌ಹೆಡ್ ಕ್ರೇನು. ನೆಲದ ಹಳಿಗಳ ಮೇಲೆ ಕಾಲೂರಿ ಚಲಿಸುವುದು ಗ್ಯಾಂಟ್ರಿ ಕ್ರೇನು. ಯಲಹಂಕದಲ್ಲಿ 1984ರಿಂದ ನಡೆಯುತ್ತಿರುವ ರೈಲು ಗಾಲಿ ಕಾರ್ಖಾನೆಯಂತಹ ದೊಡ್ಡ ಸ್ಥಾವರದಿಂದ ಹಿಡಿದು ಹದಿನೈದು ಆಳುಗಳ ಫ್ಯಾಬ್ರಿಕೇಷನ್ ಶೆಡ್ಡಿನವರೆಗೆ, ಇದಿಲ್ಲದೆ ಕೆಲಸ ಸಾಗದು.

ಇದು ಕೆಟ್ಟರೆ ಏನಾಗುತ್ತದೆಂಬುದನ್ನು ದೇಶವು ಕಂಡಿದೆ. 2020ರ ಆಗಸ್ಟ್ 1ರಂದು ವಿಶಾಖಪಟ್ಟಣದ ಹಿಂದೂಸ್ತಾನ್ ಹಡಗು ಕಾರ್ಖಾನೆಯಲ್ಲಿ ಭಾರ ಹೊರಿಸಿ ಪರೀಕ್ಷಿಸುತ್ತಿದ್ದ ಕ್ರೇನೇ ಕುಸಿದು 11 ಮಂದಿ ಸತ್ತರು. ಅವರಲ್ಲಿ ಗುತ್ತಿಗೆ ಸಂಸ್ಥೆಗಳ ನೌಕರರೂ ಇದ್ದರು. ಸರಿಯಾಗಿ ಮೂರು ವರ್ಷಗಳ ನಂತರ, 2023ರ ಆಗಸ್ಟ್ 1ರ ನಸುಕಿನಲ್ಲಿ, ಮಹಾರಾಷ್ಟ್ರದ ಶಹಾಪುರದ ಬಳಿ ಹೆದ್ದಾರಿಯ ಸೇತುವೆಗೆ ತೊಲೆ ಏರಿಸುವ ಗ್ಯಾಂಟ್ರಿ ಬಿದ್ದು 20 ಮಂದಿ ಸತ್ತರು. ನಮ್ಮ ಯಲಹಂಕದ ಕೋಗಿಲು ಕ್ರಾಸಿನಲ್ಲೇ 2025ರ ಏಪ್ರಿಲ್‌ನ ಒಂದು ನಡುರಾತ್ರಿ, ಮೆಟ್ರೋ ಕಾಮಗಾರಿಗೆಂದು ಲಾರಿಯ ಮೇಲೆ ಸಾಗುತ್ತಿದ್ದ ಭಾರಿ ತೊಲೆಯು ಜಾರಿ ಆಟೋ ಚಾಲಕರೊಬ್ಬರ ಪ್ರಾಣ ತೆಗೆಯಿತು. ಆಗ ತೊಲೆಯು ಕ್ರೇನಿನಲ್ಲಿರಲಿಲ್ಲ, ನಿಜ. ಆದರೆ ಎತ್ತಿದ ಭಾರವು ತನ್ನ ಜಾಗದಲ್ಲಿ ಭದ್ರವಾಗಿ ಕೂರುವವರೆಗೂ ಅಪಾಯ ತೀರಿತೆನ್ನುವಂತಿಲ್ಲ.

ಹಾಗಾದರೆ ಕಾನೂನಿರಲಿಲ್ಲವೆ? ಇತ್ತು. 1948ರ ಕಾರ್ಖಾನೆ ಕಾಯ್ದೆಯ 29ನೆಯ ಸೆಕ್ಷನ್ ಸ್ಪಷ್ಟವಾಗಿಯೇ ಹೇಳಿತ್ತು: ಕ್ರೇನು, ಚೈನು, ಹಗ್ಗಗಳನ್ನು ಅರ್ಹ ವ್ಯಕ್ತಿಯು ಹನ್ನೆರಡು ತಿಂಗಳಿಗೆ ಒಮ್ಮೆಯಾದರೂ ಕೂಲಂಕಷವಾಗಿ ಪರೀಕ್ಷಿಸಬೇಕು, ಎಷ್ಟು ಭಾರ ಎತ್ತಬಹುದೆಂಬುದನ್ನು ಕ್ರೇನಿನ ಮೇಲೆ ಬರೆದಿರಬೇಕು, ಅದನ್ನು ಮೀರಬಾರದು, ಕ್ರೇನಿನ ಹಳಿಯ ಬಳಿ ಮನುಷ್ಯ ಕೆಲಸದಲ್ಲಿದ್ದರೆ ಕ್ರೇನು ಅವನಿಗೆ ಆರು ಮೀಟರಿನೊಳಗೆ ಬರದಂತೆ ತಡೆಯಬೇಕು.

2025ರ ನವೆಂಬರ್ 21ರಿಂದ ಆ ಕಾಯ್ದೆಯ ಸ್ಥಾನಕ್ಕೆ 2020ರ ವೃತ್ತಿ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಗಳ ಸಂಹಿತೆ ಬಂದಿದೆ. ಹಿಂದೆ ವಿದ್ಯುತ್ ಬಳಸುವ ಕಡೆ 10 ಮಂದಿ ದುಡಿದರೆ ಅದು ಕಾರ್ಖಾನೆ. ಈಗ 20 ಮಂದಿ ಬೇಕು. ಹದಿನೈದು ಮಂದಿ ದುಡಿಯುವ, ಐದು ಟನ್ನಿನ ಕ್ರೇನುಳ್ಳ ಶೆಡ್ಡು ನಿನ್ನೆ ಕಾರ್ಖಾನೆಯಾಗಿತ್ತು, ಇಂದು ಅಲ್ಲ. ಹತ್ತು ಅಥವಾ ಹೆಚ್ಚು ಮಂದಿಯಿರುವ ಎಡೆಗಳಲ್ಲಿ ಸುರಕ್ಷತೆಯ ಸಾಮಾನ್ಯ ಹೊಣೆಯನ್ನು ಸಂಹಿತೆಯು ಮಾಲೀಕನ ಮೇಲೆ ಇಟ್ಟಿದೆ ಎಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಆಳುಗಳ ಲೆಕ್ಕ ಕಡಿಮೆಯಾದ ಮಾತ್ರಕ್ಕೆ ಹುಕ್ಕಿನಲ್ಲಿ ತೂಗುವ ಕಬ್ಬಿಣದ ತೂಕ ಕಡಿಮೆಯಾಗುತ್ತದೆಯೆ? ಈ ಪ್ರಶ್ನೆಗೆ ಸರ್ಕಾರವು ಉತ್ತರ ಹೇಳಬೇಕು.

ಓವರ್‌ಹೆಡ್ ಮತ್ತು ಗ್ಯಾಂಟ್ರಿ ಕ್ರೇನುಗಳಿಗೆಂದೇ ಐಎಸ್ 3177 ಎಂಬ ಭಾರತೀಯ ಮಾನಕವಿದೆ; 2020ರಲ್ಲಿ ಅದನ್ನು ಪರಿಷ್ಕರಿಸಲಾಯಿತು. ಅದು ಎಂಜಿನಿಯರುಗಳ ಇಂಗ್ಲಿಷಿನಲ್ಲಿದೆ. ಚೈನು ಕಟ್ಟುವ ಖಲಾಸಿಯ ಕೈಗೆ ಅದರ ಸಾರ ಬರುವುದೇ ಇಲ್ಲ. ಪರೀಕ್ಷೆಯ ಸರ್ಟಿಫಿಕೇಟು ಆಫೀಸಿನ ಬೀರುವಿನಲ್ಲಿ. ಭಾರ ಮಾತ್ರ ಅವನ ತಲೆಯ ಮೇಲೆ. ನಮ್ಮ ಮುಖ್ಯ ತಕರಾರು ಇದೇ.

ಒಂದು ಉದಾಹರಣೆ ಕೊಡುತ್ತೇವೆ. ಒಂದು ಟನ್ ಸಾಮಾನನ್ನು ಎರಡು ಚೈನುಗಳಿಂದ ನೆಟ್ಟಗೆ ಎತ್ತಿದರೆ ಒಂದೊಂದರ ಮೇಲೆ ಅರ್ಧ ಟನ್ ಬೀಳುತ್ತದೆ. ಅವೇ ಚೈನುಗಳನ್ನು ಅಗಲಿಸಿ, ನಡುವಿನ ಕೋನವು 120 ಡಿಗ್ರಿಯಾದರೆ, ಒಂದೊಂದರ ಮೇಲೂ ಪೂರ್ತಿ ಒಂದು ಟನ್ ಎಳೆತ! ಸಾಮಾನು ಅದೇ, ಚೈನು ಅದೇ; ಎಳೆತ ಮಾತ್ರ ಎರಡರಷ್ಟು. ಹಾಗೆಯೇ, ಹುಕ್ಕು ಮಿತಿಮೀರಿ ಮೇಲೇರದಂತೆ ತಡೆಯುವ ಲಿಮಿಟ್ ಸ್ವಿಚ್ಚು ಕೆಟ್ಟಾಗ, ಕೆಲಸ ನಿಲ್ಲಬಾರದೆಂದು ತಂತಿ ಜೋಡಿಸಿ ಅದನ್ನು ತಪ್ಪಿಸಿದರೆ, ಹುಕ್ಕು ಮೇಲಿನ ಡ್ರಮ್ಮಿಗೆ ಬಡಿದು ಹಗ್ಗ ಹರಿಯಬಹುದು. ಇಷ್ಟನ್ನು ಕನ್ನಡದಲ್ಲಿ ಗೋಡೆಗೆ ಬರೆಸಲು ಎಷ್ಟು ಹಣ ಬೇಕು?

ಸಣ್ಣ ಶೆಡ್ಡಿನ ಮಾಲೀಕರ ಕಷ್ಟವನ್ನು ನಾವು ಬಲ್ಲೆವು. ದೊಡ್ಡ ಕಂಪನಿಗಳು ದರವನ್ನು ಹಿಂಡುತ್ತವೆ, ಹಣವನ್ನು ತಡವಾಗಿ ಕೊಡುತ್ತವೆ. ಪರೀಕ್ಷೆಗೆಂದು ಒಂದು ದಿನ ಕ್ರೇನು ನಿಂತರೆ ಆರ್ಡರು ತಪ್ಪೀತೆಂಬ ಭಯ. ಆದರೆ ಆ ಒಂದು ದಿನವನ್ನು ಉಳಿಸಿದ ಲಾಭ ಕಂಪನಿಗೆ. ಅಪಘಾತವಾದರೆ ಜೀವ ಹೋಗುವುದು ಕಾರ್ಮಿಕನದು, ಕೋರ್ಟು ಹತ್ತುವುದು ಸಣ್ಣ ಮಾಲೀಕ. ಹೊಸ ಸಂಹಿತೆಯ ಪ್ರಕಾರ ಕರ್ತವ್ಯಲೋಪದಿಂದ ಸಾವು ಸಂಭವಿಸಿದರೆ ಎರಡು ವರ್ಷದವರೆಗೆ ಜೈಲು ಅಥವಾ ಐದು ಲಕ್ಷಕ್ಕೆ ಕಡಿಮೆಯಿಲ್ಲದ ದಂಡ, ಅಥವಾ ಎರಡೂ ಆಗಬಹುದು. ಆದ್ದರಿಂದ ಈ ವಿಷಯದಲ್ಲಿ ಇಬ್ಬರ ಹಿತವೂ ಒಂದೇ. ಅಂಗಡಿಗೆ ಜನರೇಟರ್ ಇಳಿಸಲು ಬಾಡಿಗೆ ಕ್ರೇನು ತರಿಸುವ ವ್ಯಾಪಾರಿಯೂ ಮೊದಲು ಪರೀಕ್ಷೆಯ ಕಾಗದ ಕೇಳಲಿ, ಆಮೇಲೆ ಬಾಡಿಗೆ ಮಾತಾಡಲಿ.

ನಮ್ಮ ಬೇಡಿಕೆಗಳು ಮೂರು. ಆಳುಗಳ ಸಂಖ್ಯೆ ಎಷ್ಟೇ ಇರಲಿ, ಕ್ರೇನಿರುವ ಪ್ರತಿಯೊಂದು ಎಡೆಯಲ್ಲೂ ವಾರ್ಷಿಕ ಪರೀಕ್ಷೆ ಕಡ್ಡಾಯವಾಗಬೇಕು. ಕಾರ್ಖಾನೆಗಳು ಮತ್ತು ಬಾಯ್ಲರುಗಳ ಇಲಾಖೆಯು ಸಣ್ಣ ಶೆಡ್ಡುಗಳಿಗೆ ಕಡಿಮೆ ಶುಲ್ಕದಲ್ಲಿ ಪರೀಕ್ಷಕರನ್ನು ಒದಗಿಸಬೇಕು. ಪರೀಕ್ಷೆಯ ದಿನಾಂಕ, ಎತ್ತಬಹುದಾದ ಭಾರ, ಚೈನು ಕಟ್ಟುವ ಕ್ರಮ ಇವಿಷ್ಟನ್ನೂ ಕ್ರೇನಿನ ಕೆಳಗೆ ಕನ್ನಡದಲ್ಲಿ ಬರೆದಿರಬೇಕು.

ಅಲ್ಲಿಯವರೆಗೆ ನಮ್ಮ ಬಂಧುಗಳು ಕೈಕಟ್ಟಿ ಕೂರಬೇಕಾಗಿಲ್ಲ. ಪ್ರಾಣಾಪಾಯವಿದೆಯೆಂದು ಕಂಡರೆ ಅದನ್ನು ಮಾಲೀಕನಿಗೂ ಇನ್‌ಸ್ಪೆಕ್ಟರಿಗೂ ತಿಳಿಸುವ ಹಕ್ಕನ್ನು ಹೊಸ ಸಂಹಿತೆಯೂ ಕಾರ್ಮಿಕನಿಗೆ ಕೊಟ್ಟಿದೆ. ಒಬ್ಬನೇ ಹೇಳಿದರೆ ಅವನ ಕೆಲಸಕ್ಕೆ ಕುತ್ತು ಬಂದೀತು. ಶೆಡ್ಡಿನವರೆಲ್ಲ ಸೇರಿ, ಬರೆದು, ಸಹಿ ಹಾಕಿ, ಸಂಘದ ಮೂಲಕ ಹೇಳಿರಿ. ನಾಳೆ ಕೆಲಸಕ್ಕೆ ಹೋದಾಗ ಹುಕ್ಕಿನ ಕಡೆ ಒಮ್ಮೆ ತಲೆಯೆತ್ತಿ ನೋಡಿ, ಇದನ್ನು ಕಡೆಯ ಸಲ ಪರೀಕ್ಷಿಸಿದ್ದು ಎಂದು ಎಂದು ಕೇಳಿರಿ. ಉತ್ತರ ಸಿಗುವವರೆಗೂ ಕೇಳುತ್ತಲೇ ಇರಿ.