ಮಲ್ಪೆಗೆ ಹೋದ್ರ ಮೊದ್ಲು ಬಂದರಕ್ಕ ಹೋಗ್ರಿ (ಭಾಗ 3)

ಪ್ರವಾಸದ ಫೋಟೊ ಎಲ್ಲಾ ನೋಡಿದೆ ದೋಸ್ತರೇ. ಎಲ್ಲರದ್ರಾಗೂ ಅದೇ ಮರಳು, ಅದೇ ಕೂಲಿಂಗ್ ಗ್ಲಾಸ್, ಅದೇ "ಸ್ವರ್ಗ" ಅನ್ನೋ ಕ್ಯಾಪ್ಷನ್. ನನ್ನವೂ ಸೇರಿಸೇ ಹೇಳ್ಲಿಕತ್ತೀನಿ, ಸಿಟ್ಟಾಗಬ್ಯಾಡ್ರಿ.

ದ್ವೀಪ ಚಂದ ಅದ, ಇಲ್ಲ ಅನ್ನಂಗಿಲ್ಲ. ಸೇಂಟ್ ಮೇರೀಸ್‌ನ ಆ ಕಂಬದಂಥ ಕಲ್ಲುಗಳನ್ನ ಯಾರೂ ಕೆತ್ತಿಲ್ಲ. ಸುಮಾರು 8.8 ಕೋಟಿ ವರ್ಷದ ಹಿಂದ, ಮಡಗಾಸ್ಕರ್ ನಮ್ಮಿಂದ ಬ್ಯಾರೆ ಆಗೋ ಕಾಲಕ್ಕ ಹರಿದ ಲಾವಾ ತಣ್ಣಗಾಗ್ತಾ ಸೀಳಿ ಹಂಗಾಗ್ಯಾವ. 1498ರಾಗ ವಾಸ್ಕೋ ಡ ಗಾಮ ಇಲ್ಲಿ ಇಳಿದಿದ್ದ ಅಂತಾರ. ಮಧ್ವಾಚಾರ್ಯರಿಗೆ ಗೋಪಿಚಂದನದ ಗಡ್ಡೆಯೊಳಗ ಉಡುಪಿ ಕೃಷ್ಣ ಸಿಕ್ಕಿದ್ದೂ ಇದೇ ಮಲ್ಪೆ ದಂಡೆಯಲ್ಲಿ ಅಂತ ಪ್ರತೀತಿ. ಶಹಾಪುರದ ಮಲಗಿದ ಬುದ್ಧನ ಗುಡ್ಡ ನೋಡಿ ಬೆಳೆದ ನಮಗ ಕಲ್ಲು ಹೊಸದಲ್ಲ, ಆದ್ರೂ ಬಾಯಿ ತೆರೆದು ನಿಂತ್ವಿ.

ಬಂದರಕ್ಕ ಮಾತ್ರ ಯಾಕ ಹೋಗ್ಲಿಲ್ಲ? "ವಾಸನೆ ಬರ್ತದ" ಅಂತ ಬಸ್ಸಿನಾಗೇ ಮೂಗು ಮುಚ್ಚಿಕೊಂಡ್ವಿ. ಮರುದಿನ ನಸುಕಿನ್ಯಾಗ ನಾ ಇಬ್ಬರನ್ನ ಎಳಕೊಂಡು ಹೋದೆ. ಸಾಲು ಸಾಲು ಬೋಟು, ಐಸು, ಬಂಗುಡೆ ರಾಶಿ, ಹರಾಜಿನ ಕೂಗು, ಬುಟ್ಟಿ ಹಿಡಕೊಂಡು ಚೌಕಾಸಿ ಮಾಡೋ ಹೆಂಗಸರು. ತುಳು ಒಂದಕ್ಷರ ತಿಳೀಲಿಲ್ಲ. ಅಷ್ಟರಾಗ ಹಿಂದಿನಿಂದ "ಏ ತಮ್ಮಾ, ಸರಕೋ ಆ ಕಡಿ" ಅಂತ ನಮ್ಮ ಮಾತು!

ತಲಿ ಮ್ಯಾಲ ಮೀನಿನ ಬುಟ್ಟಿ ಹೊತ್ತಿದ್ದ ಕಾಕಾ. ಕೆಂಭಾವಿ ಕಡಿಯಾಂವ. ನಾನು ಸುರಪುರ ಅಂದಕೂಡಲೇ ಬುಟ್ಟಿ ಇಳಿಸಿ ನಕ್ಕ.

ಜೂನ್ 1ರಿಂದ ಜುಲೈ 31ರ ತನಕ, 61 ದಿನ, ಯಾಂತ್ರಿಕ ಬೋಟು ಸಮುದ್ರಕ್ಕ ಇಳಿಯಂಗಿಲ್ಲ. ಮೀನು ಮರಿ ಮಾಡೋ ಕಾಲ, ಮ್ಯಾಲ ಗಾಳಿ-ಮಳಿ. ನಮ್ಮ ಕಡಿ ಅದೇ ಹೊತ್ತಿಗೆ ಬಿತ್ತಗಿ. ಕಾಕಾ ಆಗ ಊರಿಗೆ ಬಂದು ಮಳಿ ನಂಬಿ ತೊಗರಿ ಬಿತ್ತತಾನ, ಆಗಸ್ಟಿನ್ಯಾಗ ಹೊಳ್ಳಿ ಮಲ್ಪೆಗೆ ಹೋಗ್ತಾನ. ಅರಬ್ಬೀ ಸಮುದ್ರಕ್ಕೂ ನಮ್ಮ ಎರಿ ಹೊಲಕ್ಕೂ ಹಿಂಗೊಂದು ನಂಟು ಅದ ಅಂತ ಯಾವ ಪಾಠದಾಗೂ ಓದಿರಲಿಲ್ಲ. ಗುಳೆ ಅಂದ್ರ ಬೆಂಗಳೂರು, ಮುಂಬೈ ಅಷ್ಟೇ ಅನ್ಕೊಂಡಿದ್ದೆ.

ಅದಕ್ಕ ನನ್ನ ವಾದ ಇಷ್ಟೇ: ಮುಂದಿನ ಬ್ಯಾಚು ಹೋಗುವಾಗ ಬೀಚಿಗಿಂತ ಮೊದ್ಲು ಒಂದು ತಾಸು ಬಂದರಕ್ಕ ಇಡ್ರಿ. ಕೇಳದೆ ಯಾರ ರೀಲ್ಸೂ ಮಾಡಬ್ಯಾಡ್ರಿ, ಅವರದು ಕೆಲಸದ ಹೊತ್ತು. ಮೂಗು ಮುಚ್ಚೋದಾದ್ರ ಹೊರಗ ಬಂದು ಮುಚ್ಚಿಕೊಳ್ರಿ.

ಈ ಪೋಸ್ಟಿನ್ಯಾಗ ಕಾಕಾನ ಫೋಟೊ ಇಲ್ಲ. ಬ್ಯಾಡ ಅಂದ, ತೆಗೀಲಿಲ್ಲ. ಬುಟ್ಟಿ ಎತ್ತಿಕೊಳ್ಳುವಾಗ ಒಂದೇ ಮಾತು ಕೇಳಿದ: "ಈ ಸಲ ತೊಗರಿ ಹೆಂಗದ ತಮ್ಮಾ?"

ಹಾಸ್ಟೆಲ್‌ನಾಗ ಇರೋ ನನಗ ಗೊತ್ತಿರಲಿಲ್ಲ. ಅಪ್ಪಗ ಫೋನ್ ಹಚ್ಚಿ ಕೇಳಿ ಹೇಳಿದೆ.